ಚಾಕು ಐತೇನು, ಕಾಕಾ?

ಕಳ್ಳಕವಟಗಿಯಂಥ ಊರಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅಂಗಿಯ ಬಗಲಕಿಸೆ ಒಂದೇ ಕಡೆ ಜೋತಿರುತ್ತದೆ. ಅದರೊಳಗೆ ಸುಣ್ಣದ ಡಬ್ಬಿ, ಮೋಟರ್ ಮನೆಯ ಕೀಲಿ, ಮಡಚುವ ಚಾಕು. ನನಗೆ ಗಂಟುಬಿದ್ದವನು ನಮ್ಮ ಕಾಕಾ.

ಅವನ ಚಾಕು ಕೊಯ್ಯುವುದು ಅಪರೂಪ. ಹೊಲದಲ್ಲಿ ರೊಟ್ಟಿ ಬಿಚ್ಚಿದರೆ ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುತ್ತಾನೆ. ಹೆಚ್ಚಿದರೆ ಪೋಲಾದಿನ ಅಲಗು ಕರ್ರಗಾಗುತ್ತದಂತೆ. ಯಾರಾದರೂ ಚಾಕು ಕೇಳಿದರೆ ಕೊಡುವುದಿಲ್ಲ, ತಾನೇ ಎದ್ದು ಬರುತ್ತಾನೆ. “ಏನ್ ಕೊಯ್ಯಾಂವ ಅದೀ?” ಎಂದು ವಿಚಾರಣೆ ಮುಗಿಸಿ, ಮಣೂಕದ ಚೀಲದ ಹೊಲಿಗೆ ಬಿಚ್ಚಿ, ಧೋತರಕ್ಕೆ ಒರೆಸಿ ‘ಟಕ್’ ಅನ್ನಿಸಿ ಮಡಚುತ್ತಾನೆ. ಕೋರ್ಟಿಗೆ ಹೋದ ದಿನ ಅದನ್ನು ನನ್ನ ಕಿಸೆಗಿಳಿಸಿ ತಾನು ಒಳಗೆ ಹೋಗುತ್ತಾನೆ. ಪೊಲೀಸರ ಎದುರು ಹೊರಗೆ ನಿಲ್ಲುವ ಯೋಗ ನನ್ನದು.

ಆ ಚಾಕುವಿನ ಸ್ಪ್ರಿಂಗ್ ಸಡಿಲಾಯಿತು. “ಒಂದ್ ತಾಸಿನ ಕೆಲಸ, ಬಾರಲೇ ತಮ್ಮಾ” ಎಂದು ನನ್ನ ಗಾಡಿ ಹತ್ತಿದ. ತಿಕೋಟಾ ದಾಟಿ ವಿಜಯಪುರದ ಪೇಟೆ ಮುಟ್ಟುವವರೆಗೂ ಬೆನ್ನ ಹಿಂದಿನಿಂದ ಚಾಕುವಿನ ಲಕ್ಷಣಗಳು ನನ್ನ ಕಿವಿಗೆ ಬೀಳುತ್ತಲೇ ಇದ್ದವು.

ಅಂಗಡಿಯವರು ಮೊದಲು ರಾಂಪುರಿ ನಮೂನೆಯದೊಂದನ್ನು ತೆಗೆದರು. “ಇದು ಸಿನಿಮಾದಾಗ ಹೀರೋಯಿನ್ನಿನ ಅಪ್ಪಗ ತೋರಸೂದು” ಎಂದು ಕಾಕಾ ಸರಿಸಿದ. ಹೊಲಮನೆಯ ಕೆಲಸಕ್ಕೆಂದು ಮಾಡಿರದ ಚಾಕುವಿನ ಅಲಗು 9 ಇಂಚು ಮೀರಿದರೆ ಆಯುಧದ ಕಾಯ್ದೆಯೊಳಗೆ ಸಿಕ್ಕುತ್ತದೆಂದು ನಾನು ಜಾಣತನ ತೋರಿಸಿದೆ. “ಕಿಸೆಚಾಕು ನಾಕ್ ಬೆಟ್ಟಿನ ಅಗಲ ದಾಟಬಾರದು. ಇದಕ್ಕ ಕಾಯ್ದೆ ಯಾಕ್ ಬೇಕು?” ಎಂದ. ನನ್ನ ಕಾಯ್ದೆ ಅಲ್ಲಿಗೆ ಮುಗಿಯಿತು.

ಆಮೇಲೆ ಸ್ವಿಸ್ ಸೈನಿಕರ ಮಾದರಿಯ ಕೆಂಪು ಚಾಕು ಬಂತು. ಕಾಕಾ ಕತ್ತರಿ, ಗರಗಸ, ಹಲ್ಲುಕಡ್ಡಿಗಳನ್ನು ಒಂದೊಂದಾಗಿ ಎಳೆದು, ತಿರುಪಿನ ಮುಂದೆ ನಿಂತ. “ಇದೇನು?” ವೈನ್ ಬಾಟಲಿಯ ಬೂಚು ತೆಗೆಯಲಿಕ್ಕೆ ಎಂದೆ. “ನಮ್ಮ ದ್ರಾಕ್ಷಿ ಒಣಗತಾವ. ಬೂಚು ಹಾಕೂದಿಲ್ಲ.”

ಉಳಿದವನ್ನು ಎತ್ತಿನ ಹಲ್ಲು ನೋಡುವವನಂತೆ ನೋಡಿದ. ಅಲಗು ಬಿಚ್ಚಿ ಅಲುಗಾಡಿಸಿ, ಮೊಳೆಯ ಹತ್ತಿರ ಸಡಿಲಿದ್ದರೆ ಬ್ಯಾಡ. ಲಾಕ್ ಇಲ್ಲದ್ದು ಬೆಟ್ಟು ತಿನ್ನುತ್ತದೆ, ಬ್ಯಾಡ. ಸ್ಟೇನ್‌ಲೆಸ್ಸಿಗೆ ತುಕ್ಕು ಹತ್ತುವುದಿಲ್ಲ ಖರೆ, ಆದರೆ ನಮ್ಮ ಕಲ್ಲಿಗೆ ಲಗೂನ ಧಾರೆ ಬರುವುದಿಲ್ಲ. ಪಾಸಾದವುಗಳ ಧಾರೆಯನ್ನು ಮುಂಗೈ ಕೂದಲಿನ ಮೇಲೆ ನೋಡಿದ. ಎಡಗೈ ಬೋಳಾದಾಗ ನನ್ನ ಕೈಯತ್ತ ಕಣ್ಣು ಹಾಯಿಸಿದ. ನಾನು ತೋಳು ಇಳಿಸಿಕೊಂಡೆ. ಕೊನೆಗೆ ಕಿವಿಗೆ ಹಿಡಿದು ಮಡಚಿದ. “ಸಪ್ಪಳ ಸರಿಯಿಲ್ಲ.” ಅಂಗಡಿಯವರು ಚಹಾ ತರಿಸಿದರು, ಫ್ಯಾನು ಹಚ್ಚಿದರು, ಕಡೆಗೆ ಮಾತು ಬಿಟ್ಟರು. ಕಾಕಾ ಅರ್ಧ ಕಿಲೋ ಶೇಂಗಾ ಕೊಂಡು ಗಾಡಿ ಹತ್ತಿದ.

ಆದರೆ ಈ ಮನುಷ್ಯ ದ್ರಾಕ್ಷಿಗೆ ಕಲಂ ಕಟ್ಟುವುದನ್ನು ನೋಡಬೇಕಿತ್ತು. ಡಾಗ್ರಿಡ್ಜ್ ಬೇರಿನ ಗಿಡ ಸೀಳಿ, ಥಾಮ್ಸನ್ ಕಡ್ಡಿಯ ಬುಡವನ್ನು ಎರಡೂ ಬದಿ ಹೆರೆದು, ಸೀಳಿನೊಳಗೆ ತೊಗಟೆಗೆ ತೊಗಟೆ ಕೂಡಿಸುತ್ತಿದ್ದ. ಪ್ರತಿ ಬದಿಗೂ ಒಂದೇ ಎಳೆತ. ಎರಡನೇ ಸಲ ಅಲಗು ಆಡಿದರೆ ಮೈ ಏರುತಗ್ಗಾಗಿ ಕೂಡುವುದಿಲ್ಲ. ಬಬಲೇಶ್ವರದ ಕಡೆಯಿಂದಲೂ ಗಾಡಿ ಕಳಿಸಿ ಕರೆಸುತ್ತಿದ್ದರು. ಈಗ ಕಲಮಿನ ಟೋಳಿಗಳು ತಮ್ಮದೇ ಚಾಕು ತರುತ್ತವೆ, ಹುಡುಗರ ಕಿಸೆಯಲ್ಲಿ ಹತ್ತು ರೂಪಾಯಿಯ ಕಟರ್. “ಚಾಕು ಐತೇನು, ಕಾಕಾ?” ಎಂದು ಕೇಳುವವರು ಕಡಿಮೆ. ನಾನು ಕೇಳುತ್ತೇನೆ, ಕೈಯಲ್ಲಿ ಕತ್ತರಿ ಇದ್ದಾಗಲೂ. ಓಡಿ ಬರುತ್ತಾನೆ. ಬಂದು ಒಂದು ಸುತಳಿ ಕೊಯ್ಯಲು ಎಷ್ಟು ಹೊತ್ತು ಮಾಡುತ್ತಾನೆಂದರೆ, ಯಾಕಾದರೂ ಕೇಳಿದೆನೋ ಅನ್ನಿಸುತ್ತದೆ.

ಮೊನ್ನೆ ಫೋನಿನಲ್ಲಿ ಫ್ರಾನ್ಸಿನ ಒಪಿನೆಲ್ ಚಾಕು ತೋರಿಸಿದೆ. ಕೊಡಲಿ, ಕುಡಗೋಲು ಮಾಡುವ ಮನೆಯ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ್ದು. ಕಟ್ಟಿಗೆಯ ಹಿಡಿಕೆ, ಪೋಲಾದಿನ ಅಲಗು, 1955ರಲ್ಲಿ ಸೇರಿಸಿದ ಲಾಕಿನ ಉಂಗುರ. ಕಾಕಾ ಚಿತ್ರವನ್ನು ಬೆಟ್ಟಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದ.

“ಅಲ್ಲಿ ದ್ರಾಕ್ಷಿ ಬೆಳೀತಾರೇನು?”

“ಭಾಳ ಬೆಳೀತಾರ.”

“ಹಂಗಾರ ಚಾಕು ತಿಳದಾರ.” ಫೋನು ತಿರುಗಿ ಕೊಟ್ಟ. “ಆದ್ರ ಇದರ ಸಪ್ಪಳ ಕೇಳೂದು ಹ್ಯಾಂಗ? ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿಗೆ ಹೋಗೂಣು. ಈ ಸಲ ತಗೊಂಡ ಬಿಡೂಣು. ಗಾಡಿಗೆ ಪೆಟ್ರೋಲ್ ಹಾಕ್ಸಿಡು.”