ಸ್ಟಾಪಿನಲ್ಲಿ ನಿಲ್ಲದ ಬಸ್ಸಿನ ಸಾಹೇಬರಿಗೆ

ಡಿಪೋ ಮ್ಯಾನೇಜರ್ ಸಾಹೇಬರೇ,

ಮೊನ್ನೆ ಕಾಲೇಜಿಗೆ ಬಂದು ಹುಡುಗರಿಗೆ ಬಸ್ಸಿನ ಶಿಸ್ತು ಹೇಳಿಕೊಟ್ಟಿರಂತೆ. ಇಳಿಯುವವರಿಗೆ ದಾರಿ ಬಿಡಿ, ಬೆನ್ನಿನ ಬ್ಯಾಗು ಎದೆಗೆ ಹಾಕಿಕೊಳ್ಳಿ, ಫುಟ್‌ಬೋರ್ಡಿನಲ್ಲಿ ನೇತಾಡಬೇಡಿ. ನನ್ನ ಮೊಮ್ಮಗಳು ಫಸ್ಟ್ ಪಿಯು. ಎಲ್ಲವನ್ನೂ ನೋಟ್ಸ್ ಮಾಡಿಕೊಂಡು ಬಂದಿದ್ದಾಳೆ. ನಿಮ್ಮ ಮಾತು ಕೇಳಿದ ತಪ್ಪಿಗೆ ಇವತ್ತು ಅವಳ ಮೊದಲೆರಡು ಪೀರಿಯಡ್ ಹೋದವು.

ಆದದ್ದಿಷ್ಟು. ಬಸ್ಸು ಬಂತು. ಸ್ಟಾಪಿನಲ್ಲಿ ನಿಲ್ಲಲಿಲ್ಲ, ಆ ಕೆಟ್ಟ ಚಟ ಅದಕ್ಕಿಲ್ಲ. ಪಂಚರ್ ಅಂಗಡಿ ದಾಟಿ ನಿಂತಿತು. ಹುಡುಗರೆಲ್ಲ ಓಡಿದರು. ಇವಳೂ ಓಡಿದಳು, ಬ್ಯಾಗು ಎದೆಗೆ ಹಾಕಿಕೊಂಡೇ. ಬಾಗಿಲಲ್ಲಿ ಒಬ್ಬ ಅಜ್ಜಿ ಸೊಪ್ಪಿನ ಕುಕ್ಕೆ ಹಿಡಿದು ಇಳಿಯುತ್ತಿದ್ದರು. ಇವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಕುಕ್ಕೆಗೂ ಕೈ ಕೊಟ್ಟಳು. ಅಜ್ಜಿ ಇಳಿದರು, ಕುಕ್ಕೆ ಇಳಿಯಿತು, ಕಂಡಕ್ಟರು ‘ರೈಟ್’ ಅಂದರು, ಬಸ್ಸು ಹೊರಟೇ ಹೋಯಿತು. ಕಿಟಕಿಯಿಂದ ಕರ್ಚೀಫು ಎಸೆದು ಅಜ್ಜಿಯ ಕಂಕುಳಡಿ ನುಸುಳಿ ಹತ್ತಿದ ಹುಡುಗ ಹಾಯಾಗಿ ಕೂತು ಇವಳಿಗೆ ಟಾಟಾ ಮಾಡಿದ. ನಾಳೆಯಿಂದ ತಾನೂ ಕರ್ಚೀಫು ಒಯ್ಯುತ್ತಾಳಂತೆ.

ಮುಂದಿನ ಬಸ್ಸು ಅರ್ಧ ಖಾಲಿ. ಡ್ರೈವರು ಹೆಬ್ಬೆರಳು ಹಿಂದಕ್ಕೆ ತೋರಿಸಿದರು: ಹಿಂದೆ ಇನ್ನೊಂದು ಇದೆ. ಹಿಂದಿನದು ಬಂತು. ಅದರ ಡ್ರೈವರೂ ಹೆಬ್ಬೆರಳು ತೋರಿಸಿದರು. ಇಷ್ಟು ಬಸ್ಸು ಹಿಂದೆ ಇರುವ ತಾಲ್ಲೂಕು ಇನ್ನೆಲ್ಲೂ ಇರಲಾರದು.

ನಮ್ಮ ಸ್ಟಾಪಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. 2023ರ ಜೂನ್ 11ಕ್ಕೆ ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ‘ಇವರೆಲ್ಲ ಬಿಟ್ಟಿ ಗಿರಾಕಿಗಳು’ ಅಂತ ನಿಮ್ಮ ಡ್ರೈವರುಗಳು ಅಂದುಕೊಂಡಿದ್ದಾರೋ ಏನೋ. ಸ್ವಾಮಿ, ಶೂನ್ಯ ಟಿಕೆಟ್ಟಿನ ದುಡ್ಡನ್ನು ನಿಮಗೆ ಸರ್ಕಾರ ತುಂಬಿಕೊಡಬೇಕು. ಹತ್ತಿಸಿಕೊಳ್ಳದಿದ್ದರೆ ಅದೂ ಇಲ್ಲ. ನಾನಂತೂ ಬಿಟ್ಟಿ ಅಲ್ಲ. ಅರವತ್ತು ದಾಟಿದವನಿಗೆ ಶೇ 25 ರಿಯಾಯಿತಿ, ಉಳಿದ ಮುಕ್ಕಾಲು ದುಡ್ಡು ಚಿಲ್ಲರೆ ಸಮೇತ ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ನನಗೂ ಹೆಬ್ಬೆರಳೇ.

ಹುಡುಗರೇನೂ ಸಾಚಾಗಳಲ್ಲ. ರೀಲ್ಸ್ ಹಾಕಿ ಇಡೀ ಬಸ್ಸಿಗೆ ಕೇಳಿಸುತ್ತಾರೆ. ಬ್ಯಾಗು ತಗುಲಿ ನನ್ನ ಕನ್ನಡಕ ಹಾರಿದ್ದೂ ಇದೆ. ಬೈದಿದ್ದೇನೆ, ಇನ್ನೂ ಬೈತೀನಿ. ಆದರೆ ಫುಟ್‌ಬೋರ್ಡಿನಲ್ಲಿ ನೇತಾಡುವವನು ಶೋಕಿಗೆ ನೇತಾಡುತ್ತಾನೆ ಅಂತ ನಿಮಗೆ ಯಾರು ಹೇಳಿದರು? ಒಳಗೆ ಕಾಲಿಡಲು ಜಾಗವಿಲ್ಲ. ಇದನ್ನು ಬಿಟ್ಟರೆ ಹಿಂದೆ ಇನ್ನೊಂದು ಇಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಹಾಜರಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೈ ಜಾರಿದರೆ ಹಿಂದಿನ ಚಕ್ರ. ಆಮೇಲೆ ಪೇಪರಿನಲ್ಲಿ ‘ವಿದ್ಯಾರ್ಥಿಯ ಅಜಾಗರೂಕತೆ’ ಅಂತ ಬರುತ್ತೆ. ಯಾರ ಅಜಾಗರೂಕತೆ ಸ್ವಾಮಿ? ಸ್ಟಾಪು ಎಲ್ಲಿದೆ ಅಂತ ಗೊತ್ತಿದ್ದೂ ನಿಲ್ಲಿಸದವರಿಗೆ ಉಪನ್ಯಾಸ ಬೇಡವೇ?

ಸೀಟು ಬೇಡ, ಫ್ಯಾನು ಬೇಡ. ಸ್ಟಾಪಿನಲ್ಲಿ ನಿಲ್ಲಿಸಿ. ಅಜ್ಜಿ ಇಳಿಯುವಷ್ಟು ಹೊತ್ತು, ಅವರಿಗೆ ದಾರಿ ಬಿಟ್ಟ ಹುಡುಗಿ ಹತ್ತುವಷ್ಟು ಹೊತ್ತು.

ಇದನ್ನೆಲ್ಲ ನಿಮ್ಮ ಕಚೇರಿಗೇ ಬಂದು ಹೇಳೋಣ ಅಂತಿದ್ದೆ. ಅಲ್ಲಿಗೆ ಬರೋಕೂ ಬಸ್ಸು ಹತ್ತಬೇಕಲ್ಲ, ಅದಕ್ಕೆ ಈ ಪತ್ರ.

ಇಂತಿ,
ಮುಕ್ಕಾಲು ಟಿಕೆಟ್ಟಿನ ಮುದುಕ