ಉಳ್ಳಾಗಡ್ಡಿಯ ಕೀರ್ತಿ

ಹಾನಗಲ್ಲಿನ ಓಣಿಯಲ್ಲಿ ಜ್ವರ ಬಂದ ಕೂಸೊಂದು ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ನಡುಗತೊಡಗಿದರೆ ಆ ಮನೆಗೆ ಡಾಕ್ಟರಿಗಿಂತ ಮೊದಲು, ಜಜ್ಜಿ ಮೂಸಿಸಲೆಂದು, ಉಳ್ಳಾಗಡ್ಡಿ ಬರುತ್ತದೆ. ಅದರ ಹಿಂದೆಯೇ ಕೀಲಿಕೈ, ಕೀಲಿಕೈ ಹಿಂದೆ ಕುಡಗೋಲು. ಕಬ್ಬಿಣ ಯಾವ ಅವತಾರದಲ್ಲಿದ್ದರೂ ನಡೆದೀತು, ಕೂಸಿನ ಕೈಯಲ್ಲಿರಬೇಕು ಅಷ್ಟೆ.

ಇದು ಜ್ವರದ ಫಿಟ್ಸು. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಬರುತ್ತದೆ. ಹೆಚ್ಚಿನವು ಒಂದೆರಡು ನಿಮಿಷಕ್ಕೆ ತಾವಾಗಿಯೇ ನಿಲ್ಲುತ್ತವೆ, ಮಿದುಳಿಗೆ ಪೆಟ್ಟು ಮಾಡುವುದಿಲ್ಲ. ಗ್ರೀಸಿನ ಹಿಪ್ಪೊಕ್ರೇಟಿಸನ ಹೆಸರಿನ ವೈದ್ಯಗ್ರಂಥದಲ್ಲೇ, ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದೆ, ಜೋರು ಜ್ವರದ ಎಳೆಮಕ್ಕಳಿಗೆ ಸೆಳವು ಬರುವ ಮಾತಿದೆ. ಅವನ ಓಣಿಯವರು ಏನು ಮೂಸಿಸಿದರೋ ಅವನೇ ಬಲ್ಲ.

ಡಾಕ್ಟರುಗಳು ಹೇಳುವುದು ಇಷ್ಟೇ: ಕೂಸನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಅಂಗಿ ಸಡಿಲ ಮಾಡಿ, ಬಾಯಲ್ಲಿ ಏನೂ ತುರುಕಬೇಡಿ, ಗಡಿಯಾರ ನೋಡಿ. ನಾಲಿಗೆ ನುಂಗೀತೆಂದು ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ನಾಲಿಗೆ ನುಂಗುವುದಂತೂ ಆಗದ ಮಾತು. ಸಲಹೆ ಸರಿಯೇ. ಆದರೆ ಶಿಗ್ಗಾವಿಯಲ್ಲಿ ಹಡೆದ ಅಪ್ಪ ಹಾಗೆ ಕೂತರೆ ಮಂದಿ ಬಿಟ್ಟಾರೆಯೇ? “ಎಂಥಾ ಕಲ್ಲೆದಿಯಾಂವಲೇ ಇಂವಾ! ಕೂಸು ನಡಗಾಕ್ಹತ್ತೈತಿ, ಗಡಿಯಾರ ನೋಡ್ಕೋತ ಕುಂತಾನ!” ಆ ಮಾತು ಕೇಳುವುದಕ್ಕಿಂತ ತಾನೇ ಉಳ್ಳಾಗಡ್ಡಿ ಜಜ್ಜುವುದು ಲೇಸೆನಿಸುತ್ತದೆ.

ಕಬ್ಬಿಣದ ಚಿಕಿತ್ಸೆಗೆ ಇನ್ನೊಂದು ತೊಡಕುಂಟು. ಸವಣೂರಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ಕೀಲಿಯನ್ನೇ ಕೂಸಿನ ಮುಷ್ಟಿಗೆ ತುರುಕಿರುತ್ತಾರೆ. ಅಪ್ಪ ಆಸ್ಪತ್ರೆಗೆಂದು ಹೊರಗೋಡಿ ಕಿಸೆ ತಡಕಿದರೆ ಬೈಕಿನ ಕೀಲಿ ಇಲ್ಲ! ಅದು ಒಳಗೆ, ಬೆಳ್ಳಗಾದ ಪುಟ್ಟ ಬೆರಳುಗಳ ನಡುವೆ, ಪ್ಲಾಸ್ಟಿಕ್ ಗಣಪತಿಯ ಕೀಚೈನು ಹೊರಗೆ ಜೋತಾಡುತ್ತಿರುತ್ತದೆ. ಬಿಡಿಸಲು ಹೋದರೆ ಅಜ್ಜಿ ಅಡ್ಡ: “ಮುಟ್ಟಬ್ಯಾಡ ತಮ್ಮಾ, ಅದರಿಂದನ ಹಿಡದ ನಿಂತೈತಿ!”

2008ರಿಂದ 108ರ ಆಂಬುಲೆನ್ಸಿದೆ, ಪುಣ್ಯ. ಅದು ಬರುವತನಕ ಎಲ್ಲಿಗೆ ಒಯ್ಯಬೇಕೆಂಬ ಪಂಚಾಯಿತಿ. 1997ರಲ್ಲಿ ಹಾವೇರಿ ಜಿಲ್ಲೆಯಾದರೂ ಹಿರಿಯರ ಬಾಯಲ್ಲಿ ಮೊದಲು ಬರುವುದು ಹುಬ್ಬಳ್ಳಿ ಕಿಮ್ಸ್. ಹಿರೇಕೆರೂರಿನಲ್ಲಾದರೆ ಒಬ್ಬ ದಾವಣಗೆರೆ ಅನ್ನುತ್ತಾನೆ, ಇನ್ನೊಬ್ಬ ಶಿವಮೊಗ್ಗ. ಹಾವೇರಿ ಎಂದ ಸೋದರಮಾವನಿಗೆ ಅಲ್ಲಿ ಬೇರೆ ಕೆಲಸವಿರುತ್ತದೆ. ಮಾತು ಮುಗಿಯುವುದರೊಳಗೆ ಕೂಸು ಕಣ್ಣು ಬಿಟ್ಟು ಅಳತೊಡಗುತ್ತದೆ. ಆದರೂ ಮೊದಲ ಸಲದ ಫಿಟ್ಸಾದರೆ ಆಸ್ಪತ್ರೆಗೆ ಹೋಗಲೇಬೇಕು, ಮಿದುಳು ಜ್ವರ ಏನಾದರೂ ಇದೆಯೋ ನೋಡಬೇಕಲ್ಲ. 5 ನಿಮಿಷ ದಾಟಿಯೂ ನಿಲ್ಲದಿದ್ದರೆ ನಿಲ್ಲಿಸುವ ಔಷಧಿ ಬೇಕು, ಅಲ್ಲಿ ತಮಾಷೆಗೆ ಜಾಗವಿಲ್ಲ.

“ಎಷ್ಟ ನಿಮಿಷ ಇತ್ರಿ?” ಎಂದು ಡಾಕ್ಟರು ಕೇಳುತ್ತಾರೆ. “ಅರ್ಧಾ ತಾಸು ಆತ್ರಿ ಸಾಹೇಬ್ರ” ಎನ್ನುತ್ತಾನೆ ಅಪ್ಪ, ಅವ್ವ ಅದಕ್ಕಿನ್ನೊಂದಿಷ್ಟು ಸೇರಿಸುತ್ತಾಳೆ. ಮೊಬೈಲು ತೆಗೆದು ಕರೆಗಳ ಹೊತ್ತು ತಾಳೆ ಹಾಕಿದರೆ ಎರಡು ನಿಮಿಷವೂ ಆಗಿರುವುದಿಲ್ಲ.

ಸಂಜೆ ದೃಷ್ಟಿ ತೆಗೆಯುವ ಶಾಸ್ತ್ರ. ಇಳಿತೆಗೆದ ಮೆಣಸಿನಕಾಯಿ ಕೆಂಡಕ್ಕೆ ಹಾಕಿದಾಗ ಘಾಟು ಬರದಿದ್ದರೆ ಘೋರ ದೃಷ್ಟಿ ಎಂದು ಲೆಕ್ಕ. ಈ ಸೀಮೆಯ ಅಡುಗೆಮನೆಯಲ್ಲಿರುವುದೋ, 2011ರಲ್ಲಿ ಜಿಐ ಮಾನ್ಯತೆ ಪಡೆದ ಪಕ್ಕದ ಬ್ಯಾಡಗಿಯ ಕಾಯಿ. ಬಣ್ಣ ಭರ್ತಿ, ಖಾರ ಅಷ್ಟಕ್ಕಷ್ಟೆ. ಗುಂಟೂರು ಕಾಯಿ ಹಾಕಿ ನೋಡಿದ್ದರೆ ಎಷ್ಟೋ ನೆರೆಹೊರೆಯವರ ಕಣ್ಣು ನಿರ್ದೋಷಿಯಾಗುತ್ತಿತ್ತು.

ಫಿಟ್ಸು ತಾನಾಗಿ ನಿಲ್ಲುವಂಥದ್ದಾದ್ದರಿಂದ, ನಿಲ್ಲುವ ಗಳಿಗೆಗೆ ಯಾರ ಕೈ ಮುಂದಿತ್ತೋ ಅವರಿಗೇ ಕೀರ್ತಿ. ಡಾಕ್ಟರು ಬರೆಯುವುದು ಪ್ಯಾರಾಸಿಟಮಾಲ್ ಸಿರಪ್ಪು. ಅದು ಜ್ವರ ಇಳಿಸೀತು, ಮುಂದಿನ ಫಿಟ್ಸು ತಡೆಯುವ ಭರವಸೆ ಕೊಡಲಾರದು. ಮೂವರು ಮಕ್ಕಳಲ್ಲಿ ಒಬ್ಬರಿಗೆ ಮತ್ತೆ ಬರುವುದುಂಟು. ಹಾಗಾಗಿ ಉಳ್ಳಾಗಡ್ಡಿಗೆ ಎರಡನೇ ಅವಕಾಶವೂ ಸಿಗುತ್ತದೆ.

“ಡಾಕ್ಟರು ಏನ್ ಮಾಡಿದ್ರ? ಬರೇ ಜ್ವರದ ಎಣ್ಣಿ ಕೊಟ್ರು. ಕೂಸು ಎದ್ದದ್ದು ನಮ್ಮ ಉಳ್ಳಾಗಡ್ಡೀಗೆ!” ಎನ್ನುತ್ತಾಳೆ ಎಡಮನೆಯಾಕೆ. “ಅದ್ಹೆಂಗ ಬೇ? ಕೀಲಿ ಕೈಯಾಗ ಇದ್ದಿಲ್ಲೇನ?” ಎಂದು ಬಲಮನೆಯಾಕೆ. ಅಪ್ಪನನ್ನು ಸಾಕ್ಷಿಗೆ ಕರೆಯುತ್ತಾರೆ. ಒಂದು ಮನೆಯಿಂದ ಹಾಲು, ಇನ್ನೊಂದು ಮನೆಯಿಂದ ಮಜ್ಜಿಗೆ ಬರುವುದರಿಂದ ಅವನು ಇಬ್ಬರಿಗೂ “ಹೂನ್ರಿ” ಅನ್ನುತ್ತಾನೆ.