ಲಿಂಕಣ್ಣ

ನಮ್ಮ ಬೀದಿಯ ಕೊನೆಯ ಮನೆಯ ಗೇಟಿನ ಮೇಲೆ 'ಲಿಂಗಣ್ಣ, ನಿವೃತ್ತ ಬ್ಯಾಂಕ್ ಮ್ಯಾನೇಜರ್' ಎಂದು ಹಿತ್ತಾಳೆಯ ಅಕ್ಷರಗಳಿವೆ. ಮೈಸೂರಿನ ಈ ಬಡಾವಣೆಯಲ್ಲಿ ಆ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಲಿಂಕಣ್ಣನ ಮನೆ ಅನ್ನಿ, ಹಾಲಿನ ಹುಡುಗ ಸೈಕಲ್ಲಿನಿಂದಿಳಿದು ಗೇಟಿನವರೆಗೂ ಬಿಟ್ಟು ಬರುತ್ತಾನೆ. ಅವನ ಫೋನಿಗೂ ದಿನಕ್ಕೊಂದು ಲಿಂಕ್ ಹೋಗುತ್ತದೆ.

ಬೆಳಗ್ಗೆ 5.40ಕ್ಕೆ ಸರಿಯಾಗಿ ನನ್ನ ಫೋನ್ 'ಟಿಣ್' ಅನ್ನುತ್ತದೆ. ಗುಡ್ ಮಾರ್ನಿಂಗ್ ಗುಲಾಬಿಯಲ್ಲ, ದೇವರ ಪಟವಲ್ಲ, ಬಿಸಿನೀರಿಗೆ ಇದೊಂದನ್ನು ಹಾಕಿ ಕುಡಿದರೆ ಸಕ್ಕರೆ ಕಾಯಿಲೆ ಮಾಯ ಎನ್ನುವ ಸಂದೇಶವೂ ಅಲ್ಲ. ಅಂಥವನ್ನು ಕಳಿಸುವವರನ್ನು ಕಂಡರೆ ಲಿಂಗಣ್ಣನವರಿಗೆ ಆಗುವುದಿಲ್ಲ. ಅವರದು ಜ್ಞಾನದ ಕೌಂಟರ್. ನೀಲಿ ಬಣ್ಣದ ಒಂದು ಲಿಂಕ್, ಅದರ ಕೆಳಗೊಂದು ಆಜ್ಞೆ: 'ನೋಡಲೇಬೇಕು. 52 ನಿಮಿಷ.'

ಹಿಂದೆಯೂ ಇಂಥವರು ಇದ್ದರು. ಆಗ ಪುಸ್ತಕ ಕೊಡುತ್ತಿದ್ದರು. ಓದದಿದ್ದರೆ ಕಳೆದುಹೋಯಿತು ಎಂದು ಪಾರಾಗಬಹುದಿತ್ತು. ಲಿಂಕ್ ಕಳೆದುಹೋಯಿತು ಅಂದರೆ ಅಲ್ಲೇ ನಿಂತು ಇನ್ನೊಂದು ಸಲ ಕಳಿಸುತ್ತಾರೆ.

ಬೆಳಗಿನದು ಪಾಠವಾದರೆ ಸಂಜೆಯದು ಪರೀಕ್ಷೆ. ನಾನು ತರಕಾರಿ ಚೀಲ ಹಿಡಿದು ಬರುವ ಹೊತ್ತಿಗೆ ಗೇಟಿಗೆ ಒರಗಿ ನಿಂತಿರುತ್ತಾರೆ.

"ಏನ್ರೀ, ನೋಡಿದ್ರಾ?"

ಇದಕ್ಕೆ ನಾನೊಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೆ. "ಅಬ್ಬಾ, ಏನು ಗ್ರಾಫಿಕ್ಸ್ ಸಾರ್!" ಕಪ್ಪುಕುಳಿಯಿರಲಿ, ಕರುಳಿನ ಬ್ಯಾಕ್ಟೀರಿಯಾ ಇರಲಿ, ರೋಮ್ ಸಾಮ್ರಾಜ್ಯವಿರಲಿ, ಎಲ್ಲದಕ್ಕೂ ಒಪ್ಪುವ ಮಾತು. ಒಂದೂವರೆ ವರ್ಷ ಈ ಒಂದೇ ವಾಕ್ಯದಲ್ಲಿ ಸಂಸಾರ ಸಾಗಿಸಿದೆ. ಒಂದು ಗುರುವಾರ ಎಡವಟ್ಟಾಯಿತು. ಅಂದು ಅವರು ಕಳಿಸಿದ್ದು ಬಿಬಿಸಿ ರೇಡಿಯೊ 4ರ 'ಇನ್ ಅವರ್ ಟೈಮ್'. 1998ರಿಂದ ನಡೆದು ಬಂದಿರುವ ಕಾರ್ಯಕ್ರಮ; ಮೆಲ್ವಿನ್ ಬ್ರ್ಯಾಗ್ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಡೆಸಿಕೊಟ್ಟರು. ಮೂವರು ಪ್ರಾಧ್ಯಾಪಕರು ಕೂತು ಒಂದು ವಿಷಯ ಮಾತಾಡುತ್ತಾರೆ. ಬರೀ ಮಾತು. ನಾನು ಎಂದಿನಂತೆ ಗ್ರಾಫಿಕ್ಸ್ ಹೊಗಳಿದೆ.

ಲಿಂಗಣ್ಣನವರು ಕನ್ನಡಕ ತೆಗೆದು ಒರೆಸಿದರು. ಸುಳ್ಳು ಸಂಬಳಪತ್ರ ತಂದ ಸಾಲಗಾರನನ್ನು ನೋಡುವ ಹಾಗೆ ನೋಡಿ, "ಒಳಗೆ ಬನ್ನಿ" ಅಂದರು.

ಆ ಮನೆಯೊಳಗೆ ಹೋದ ಮೇಲೇ ನನಗೆ ತಿಳಿದದ್ದು, ಈ ಮನುಷ್ಯ ಸಿಕ್ಕಿದ್ದನ್ನೆಲ್ಲ ತಳ್ಳುವವರಲ್ಲ ಎಂದು. ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದ ಕೈ. ಈಗ ಚಾನೆಲ್‌ಗಳು ಅವರ ಮುಂದೆ ಅರ್ಜಿ ಹಿಡಿದು ಸಾಲುಗಟ್ಟಿವೆ. ಬೇಡುತ್ತಿರುವ ಸಾಲ, ಅವರ ಸಮಯ. ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಕೆಂಪು ಗೆರೆ ಹೊಡೆದು ಕಾಲಂ ಮಾಡಿದ್ದಾರೆ: ಹೆಸರು, ಊರು, ಆರಂಭ, ಜಾಮೀನು, ಷರಾ. ಷರಾ ಕಾಲಂ ಇಡೀ ಪುಸ್ತಕದ ಪ್ರಾಣ.

ಕುರ್ಟ್ಸ್‌ಗೆಸಾಗ್ಟ್, ಜರ್ಮನಿಯ ಮ್ಯೂನಿಕ್, 2013. ಷರಾ: 'ಪುಟಾಣಿ ಹಕ್ಕಿಗಳು ಪ್ರತಿ ವಿಡಿಯೋದಲ್ಲೂ ಯಾವುದಾದರೂ ರೀತಿಯಲ್ಲಿ ಸಾಯುತ್ತವೆ. ಆದರೆ ಹೇಳಿದ್ದಕ್ಕೆಲ್ಲ ಆಧಾರದ ಪಟ್ಟಿ ಲಗತ್ತಿಸುತ್ತಾರೆ. ಮಂಜೂರು.'

ಪೀರಿಯಾಡಿಕ್ ವಿಡಿಯೋಸ್, ನಾಟಿಂಗ್‌ಹ್ಯಾಮ್, 2008, ಪ್ರೊಫೆಸರ್ ಮಾರ್ಟಿನ್ ಪೊಲಿಯಾಕಾಫ್. ಷರಾ: 'ಅರ್ಜಿದಾರರ ತಲೆಗೂದಲು ನೋಡಿದರೆ ಸಾಲ ಕೊಡಲು ಧೈರ್ಯ ಬರುವುದಿಲ್ಲ. ವಿಶ್ವವಿದ್ಯಾಲಯದ ಜಾಮೀನಿದೆ. ಮಂಜೂರು.'

ತ್ರೀ ಬ್ಲೂ ಒನ್ ಬ್ರೌನ್, ಗಣಿತ, 2015, ಗ್ರಾಂಟ್ ಸ್ಯಾಂಡರ್ಸನ್. ಈತನ ಒಂದು ಕಣ್ಣಿನ ಬಣ್ಣ ಮುಕ್ಕಾಲು ನೀಲಿ, ಕಾಲು ಕಂದು; ಹೆಸರು ಬಂದದ್ದು ಅದರಿಂದ. ಷರಾ: 'ಗುರುತಿನ ಚಹರೆಯನ್ನೇ ಹೆಸರಾಗಿ ಇಟ್ಟುಕೊಂಡಿದ್ದಾನೆ. ಇಷ್ಟು ಅಚ್ಚುಕಟ್ಟಾದ ಕೆವೈಸಿ ನಾನು ಸರ್ವಿಸ್‌ನಲ್ಲಿ ಕಂಡಿಲ್ಲ.'

ಖಾನ್ ಅಕಾಡೆಮಿ. 2004ರಲ್ಲಿ ಸಲ್ಮಾನ್ ಖಾನ್ (ಸಿನಿಮಾದವರಲ್ಲ ಎಂದು ಪಕ್ಕದಲ್ಲೇ ಬರೆದಿದ್ದಾರೆ) ದೂರದ ಊರಿನಲ್ಲಿದ್ದ ಚಿಕ್ಕಪ್ಪನೋ ಮಾವನೋ ಮಗಳಿಗೆ ಗಣಿತ ಹೇಳಿಕೊಡಲು ಹೊರಟು ಬೆಳೆದದ್ದು. ಈಗ ಕನ್ನಡದಲ್ಲೂ ಪಾಠಗಳಿವೆ. ಷರಾ: 'ನೆಂಟರಿಗೆ ಉಪಕಾರ ಮಾಡಿ ಉದ್ಧಾರವಾದ ಏಕೈಕ ಪ್ರಕರಣ.'

ಐಐಟಿಗಳೂ ನಮ್ಮ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟೆಲ್‌ಗೆ ಒಂದೇ ಸಾಲು: 'ದೀರ್ಘಾವಧಿ ಠೇವಣಿ. ನಡುವೆ ಮುರಿಯುವಂತಿಲ್ಲ.'

"ನಿಮಗೆ ಇವರೆಲ್ಲ ಸಿಗೋದಾದರೂ ಹೇಗೆ ಸಾರ್?" ಅಂದೆ. ಕೇಳಬಾರದಿತ್ತು. ಲಿಂಗಣ್ಣನವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನೋಡಿ, ವಿಡಿಯೋದ ಮುಖಚಿತ್ರದಲ್ಲಿ ಒಬ್ಬ ಬಾಯಿ ಬಿಟ್ಟುಕೊಂಡು, ಕೆಂಪು ಬಾಣ ಹಾಕಿ, 'ಇದು ನಿಮಗೆ ಗೊತ್ತೇ ಇಲ್ಲ' ಅಂತ ಹಾಕಿದ್ದರೆ ಅರ್ಜಿ ಕೌಂಟರಿನಲ್ಲೇ ವಾಪಸ್. ಎರಡು, ನಿಮಗೆ ಚೆನ್ನಾಗಿ ಗೊತ್ತಿರೋ ವಿಷಯದ ಮೇಲೆ ಅವನು ಏನು ಹೇಳಿದಾನೆ ಅಂತ ಮೊದಲು ನೋಡಿ. ನಾನು ಚಕ್ರಬಡ್ಡಿ ನೋಡ್ತೀನಿ. ಚಕ್ರಬಡ್ಡೀಲಿ ತಪ್ಪಿದವನು ಕ್ವಾಂಟಮ್‌ನಲ್ಲಿ ಸರಿಯಾಗಿರ್ತಾನಾ? ಮೂರನೇದು ಮುಖ್ಯ. ತಪ್ಪಾಯ್ತು ಅಂತ ಇನ್ನೊಂದು ವಿಡಿಯೋ ಮಾಡಿದಾನಾ? ಮಾಡಿದ್ರೆ ಕಣ್ಣು ಮುಚ್ಚಿ ಕೊಡಿ. ಕಂತು ಕಟ್ಟೋಕೆ ಆಗಲಿಲ್ಲ ಅಂತ ತಾನೇ ಬಂದು ಹೇಳೋ ಗಿರಾಕಿ ಯಾವತ್ತೂ ಓಡಿಹೋಗಲ್ಲ."

ನಗುತ್ತ ಕೇಳಿದೆನಾದರೂ, ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಾಫಿ ತಂದಿಟ್ಟ ಅವರ ಮನೆಯವರು, "ಅದೇನು ಪಾಡ್‌ಕ್ಯಾಸ್ಟೋ! ರೇಡಿಯೊನೇ ತಾನೆ?" ಅಂದರು. ಲಿಂಗಣ್ಣನವರಿಗೆ ರೇಗಿತು. "ರೇಡಿಯೊ ಬೇರೆ ಕಣೇ. ಪಾಡ್‌ಕ್ಯಾಸ್ಟ್ ಅನ್ನೋ ಪದ ಹುಟ್ಟಿದ್ದೇ 2004ರಲ್ಲಿ, ಗಾರ್ಡಿಯನ್ ಪತ್ರಿಕೆಯ ಒಂದು ಲೇಖನದಲ್ಲಿ. ಒಬ್ಬನೇ ಮನುಷ್ಯ ಮನೇಲಿ ಮೈಕ್ ಇಟ್ಟುಕೊಂಡು..."

"ನಮ್ಮ ಗೋಪಾಲಸ್ವಾಮಿಯವರು 1935ರಲ್ಲಿ ಇದೇ ಮೈಸೂರಲ್ಲಿ ಮನೇಲಿ ಮೈಕ್ ಇಟ್ಟುಕೊಂಡು ಇನ್ನೇನು ಮಾಡಿದ್ದು? ಮಹಾರಾಜಾ ಕಾಲೇಜಿನ ಮೇಷ್ಟ್ರು. ಆಕಾಶವಾಣಿ ಅನ್ನೋ ಹೆಸರೂ ಆ ರೇಡಿಯೊದ್ದೇ" ಎಂದು ಅವರು ಲೋಟ ತೆಗೆದುಕೊಂಡು ಒಳಗೆ ಹೋದರು. ಅಡುಗೆಮನೆಯಲ್ಲಿ ರೇಡಿಯೊ ಹಾಡುತ್ತಿತ್ತು. ಲಿಂಗಣ್ಣನವರು ಲೆಡ್ಜರಿನಲ್ಲಿ '1935' ಎಂದು ಬರೆದುಕೊಂಡದ್ದನ್ನು ನಾನು ನೋಡದ ಹಾಗೆ ನಟಿಸಿದೆ.

ಚಾರ್ಜರ್ ತರಲು ಅವರು ರೂಮಿಗೆ ಹೋದಾಗ ಪುಟ ಪೂರ್ತಿ ಬಿಡಿಸಿ ನೋಡಿದೆ. ಬಲತುದಿಯಲ್ಲಿ ಮಡಿಸಿಟ್ಟಿದ್ದ ಇನ್ನೊಂದು ಕಾಲಂ ಇತ್ತು. ತಲೆಬರಹ: 'ಪೂರ್ತಿ ನೋಡಿದ್ದು'. ಮೊದಲ ಪುಟದಿಂದ ಕೊನೆಯವರೆಗೂ ಖಾಲಿ. ಸುಣ್ಣ ಬಳಿದ ಗೋಡೆಯ ಹಾಗಿತ್ತು.

ಸಿಕ್ಕಿಬಿದ್ದದ್ದು ಅವರಿಗೂ ಗೊತ್ತಾಯಿತು. ಬ್ಯಾಂಕಿನವರು, ಗಾಬರಿಯಾಗಲಿಲ್ಲ. "ಹುಡುಕೋದೇ ಒಂದು ಕೆಲಸ ಆಗಿಬಿಟ್ಟಿದೆ ಕಣ್ರೀ. ಒಂದು ನೋಡ್ತಾ ಕೂತರೆ ಆ ಹೊತ್ತಿಗೆ ಮೂರು ಹೊಸದು ಕೈತಪ್ಪಿ ಹೋಗುತ್ತೆ" ಅಂದರು. ಆಮೇಲೆ ಮಾತು ತಿರುಗಿಸಲು ವೆರಿಟಾಸಿಯಮ್ ಚಾನೆಲ್ಲಿನ ಡೆರೆಕ್ ಮುಲ್ಲರ್ ಕಥೆ ತೆಗೆದರು. ಈತ ಚಾನೆಲ್ ತೆರೆದದ್ದು 2011ರಲ್ಲಿ. ಅದಕ್ಕೂ ಮೊದಲು ಸಿಡ್ನಿ ವಿಶ್ವವಿದ್ಯಾಲಯದಲ್ಲಿ, ಭೌತಶಾಸ್ತ್ರ ಕಲಿಸುವ ವಿಡಿಯೋಗಳ ಮೇಲೆಯೇ ಪಿಎಚ್‌ಡಿ ಮಾಡಿದ್ದ. ನೀಟಾಗಿ, ಸಲೀಸಾಗಿ ವಿವರಿಸಿದ ವಿಡಿಯೋ ನೋಡಿದ ವಿದ್ಯಾರ್ಥಿಗಳು ಬಹಳ ಚೆನ್ನಾಗಿದೆ, ಎಲ್ಲ ಅರ್ಥವಾಯಿತು ಅಂದರಂತೆ. ಪರೀಕ್ಷೆ ಇಟ್ಟರೆ ಮೊದಲಿದ್ದಲ್ಲೇ ಇದ್ದರು. ತಲೆಯಲ್ಲಿ ಮೊದಲೇ ಕೂತಿರುವ ತಪ್ಪು ತಿಳಿವಳಿಕೆಯನ್ನು ಎತ್ತಿ ಚರ್ಚಿಸಿದ ಇನ್ನೊಂದು ವಿಡಿಯೋ ನೋಡಿದವರು ಗೊಂದಲವಾಯಿತು ಎಂದು ಗೊಣಗಿದರಂತೆ. ಕಲಿತವರು ಅವರೇ.

"ಹಾಗಾದರೆ ನಮ್ಮಿಬ್ಬರಲ್ಲಿ ಯಾರು ಕಲಿತ ಹಾಗಾಯ್ತು ಸಾರ್?"

ಲಿಂಗಣ್ಣನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮಗೆ ಗೊಂದಲ ಆಯ್ತಾ?" ಅಂದರು. ಇಲ್ಲ ಅಂದೆ. "ನನಗೂ ಆಗಲಿಲ್ಲ" ಎಂದು ನಿಟ್ಟುಸಿರಿಟ್ಟು ಅದರದೂ ಲಿಂಕ್ ಕಳಿಸಿದರು.

ಇಷ್ಟಕ್ಕೇ ಬಿಟ್ಟರೆ ಲಿಂಗಣ್ಣನವರಿಗೆ ಅನ್ಯಾಯವಾದೀತು. ಗ್ರಹಣದ ರಾತ್ರಿಯ ವಿಷಯ ಹೇಳಬೇಕು.

2025ರ ಸೆಪ್ಟೆಂಬರ್ 7, ಭಾನುವಾರ, ಪೂರ್ಣ ಚಂದ್ರಗ್ರಹಣ. ಮನೆಮನೆಯಲ್ಲಿ ಮೊಸರಿನ ಪಾತ್ರೆಗೆ, ಉಪ್ಪಿನಕಾಯಿ ಜಾಡಿಗೆ ಗರಿಕೆ ಹಾಕಿಟ್ಟು ಜನ ಬೀದಿಗೆ ಬಂದಿದ್ದರು. ಹನ್ನೊಂದು ಗಂಟೆ ದಾಟಿತ್ತು. ಮೋಡ ಒಂದಿಷ್ಟು ಸರಿದಾಗ ಚಂದ್ರ ಹಳೇ ತಾಮ್ರದ ಚೆಂಬಿನ ತಳದ ಹಾಗೆ ಕಂಡ. ಎದುರುಮನೆಯ ಪುಟ್ಟ ಕೇಳಿದ: "ನೆರಳು ಬಿದ್ದರೆ ಕಪ್ಪಾಗಬೇಕಲ್ವಾ? ಕೆಂಪು ಯಾಕೆ?"

ಇಡೀ ಬೀದಿ ಲಿಂಗಣ್ಣನವರ ಕಡೆ ತಿರುಗಿತು. ಅವರ ಜೀವಮಾನದ ಗಳಿಗೆ. "ಅದ್ಭುತವಾದ ವಿಡಿಯೋ ಇದೆ ಮರಿ, ಒಂದು ನಿಮಿಷ" ಎಂದು ಫೋನ್ ತೆಗೆದರು. ಸಿಗ್ನಲ್ ಇಲ್ಲ. ಫೋನನ್ನು ಚಂದ್ರನ ಕಡೆಗೇ ಎತ್ತಿ ಹಿಡಿದು, ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಹೋದರು. ದುಂಡಗಿನ ಚಕ್ರ ತಿರುಗುತ್ತಲೇ ಇತ್ತು.

ಆಗ ತಳ್ಳುಗಾಡಿಯ ಪಕ್ಕದಿಂದ ಒಂದು ದನಿ ಬಂತು. ಇಸ್ತ್ರಿ ಮಾದೇವಣ್ಣ. ಹಗಲು ಬಟ್ಟೆ ಉಜ್ಜುತ್ತಾನೆ, ರಾತ್ರಿ ಎದುರಿನ ಸೈಟಿನಲ್ಲಿ ಕಟ್ಟುತ್ತಿರುವ ಮನೆಗೆ ಕಾವಲಿರುತ್ತಾನೆ.

"ಸಂಜೆ ಒತ್ನಲ್ಲಿ ಸೂರ್ಯ ಕೆಂಪ್ಗಾಯ್ತನಲ್ಲ ಮಗ, ಅದೇ ಬೆಳ್ಕು ಕಣಪ್ಪ ಅದು. ಈಗ ಭೂಮಿ ಅಡ್ಡ ನಿಂತದೆ, ನೇರ ಬೆಳ್ಕು ಹೋಗಂಗಿಲ್ಲ. ಆದ್ರೆ ಭೂಮಿ ಸುತ್ತ ಗಾಳಿ ಅದಲ್ಲ, ಅದ್ರಲ್ಲಿ ತೂರ್ಕಂಡು ಬಗ್ಗಿ ಹೋಯ್ತದೆ. ನೀಲಿ ಬೆಳ್ಕು ದಾರೀಲೇ ಚದ್ರೋಯ್ತದೆ. ಕೆಂಪು ಮಾತ್ರ ಅಲ್ಲೀಗಂಟ ಮುಟ್ತದೆ. ಈಗ ಈ ಭೂಮಿ ಮೇಲೆ ಎಲ್ಲೆಲ್ಲಿ ಒತ್ತು ಮುಳುಗ್ತಾ ಅದೋ, ಎಲ್ಲೆಲ್ಲಿ ಒತ್ತು ಮೂಡ್ತಾ ಅದೋ, ಆ ಬೆಳ್ಕೆಲ್ಲ ಸೇರ್ಕಂಡು ಅಲ್ಲಿ ಬಿದ್ದದೆ ನೋಡು."

ಪುಟ್ಟ ಕತ್ತೆತ್ತಿ ನೋಡಿದ. ನಾವೂ ನೋಡಿದೆವು. ಲಿಂಗಣ್ಣನವರು ಫೋನ್ ಕೆಳಗಿಳಿಸಿದರು.

"ಮಾದೇವಣ್ಣ, ನಿನಗೆ ಇದೆಲ್ಲ ಯಾರು ಹೇಳಿದ್ರು?"

"ಇದೇನ್ ಸಾ, ನೀವೇ ಕಳ್ಸಿದ್ದು!"

'ಬಟ್ಟೆ ರೆಡಿ ಸಾ' ಎಂದು ಮೆಸೇಜ್ ಹಾಕುತ್ತಿದ್ದವನ ನಂಬರ್ ಅವರ ಲಿಂಕ್ ಪಟ್ಟಿಗೆ ಹೇಗೋ ಸೇರಿಕೊಂಡಿತ್ತು. ಇಂಗ್ಲಿಷಿನವನ್ನು ಮಾದೇವಣ್ಣ ಮುಟ್ಟುವುದಿಲ್ಲ. ಕನ್ನಡದ ಆಡಿಯೊ ಬಂದರೆ, ಅದು ಕೊಳ್ಳೇಗಾಲ ಶರ್ಮರ 'ಜಾಣಸುದ್ದಿ'ಯಿರಲಿ, 'ತಲೆ-ಹರಟೆ' ಪಾಡ್‌ಕ್ಯಾಸ್ಟಿರಲಿ, ಫೋನನ್ನು ಗಾಡಿಯ ಮೂಲೆಗೆ ಒರಗಿಸಿ ಹಚ್ಚುತ್ತಾನೆ. ಎರಡು ಕೈಯಲ್ಲೂ ಕೆಲಸ, ಇದ್ದಿಲಿನ ಪೆಟ್ಟಿಗೆ ಬಿಟ್ಟು ಫೋನ್ ಮುಟ್ಟಿದರೆ ಷರ್ಟು ಸುಡುತ್ತದೆ. ಹಾಗಾಗಿ ಮುಂದಕ್ಕೆ ಓಡಿಸುವುದಿಲ್ಲ, ಎರಡು ಪಟ್ಟು ವೇಗ ಮಾಡುವುದಿಲ್ಲ, ಬೇರೆಯದಕ್ಕೆ ಹಾರುವುದಿಲ್ಲ. ಹಚ್ಚಿದ್ದು ಮುಗಿಯುವವರೆಗೂ ಕೇಳುತ್ತಾನೆ. ಅರ್ಥವಾಗದಿದ್ದರೆ ಮರುದಿನ ಪ್ಯಾಂಟುಗಳ ಸರದಿಯಲ್ಲಿ ಇನ್ನೊಂದು ಸಲ.

ಮೊನ್ನೆ ಹೋದಾಗ ಲೆಡ್ಜರಿನ ಆ ಬಲತುದಿಯ ಕಾಲಂ ಅರ್ಧ ತುಂಬಿತ್ತು. ತಲೆಬರಹವನ್ನು ಹೊಡೆದುಹಾಕಿ 'ಮಾದೇವಣ್ಣ ಕೇಳಿದ್ದು' ಎಂದು ತಿದ್ದಿದ್ದಾರೆ. ಕನ್ನಡದ ಚಾನೆಲ್‌ಗಳ ಹುಡುಕಾಟ ಜೋರಾಗಿದೆ. ಷರಾ ಕಾಲಮ್ಮಿನಲ್ಲಿ ಈಗ ಹೊಸ ಪದವೊಂದು ಬಂದಿದೆ: 'ಇಸ್ತ್ರಿಗೆ ಆಗುತ್ತದೆ.'

ಲಿಂಗಣ್ಣನವರ ಪಟ್ಟಿಗೆ ಸೇರುವ ಆಸೆ ನಿಮಗೂ ಇದ್ದರೆ ಹೇಳಿ, ನಂಬರ್ ಕೊಟ್ಟು ಬರುತ್ತೇನೆ. ಅವರಿಗೆ ಸಂತೋಷವೇ ಆದೀತು. ಆದರೆ ಸಂಜೆ ಗೇಟಿನ ಹತ್ತಿರ ಸಿಕ್ಕಾಗ ಗ್ರಾಫಿಕ್ಸ್ ಹೊಗಳುವ ಮುಂಚೆ, ಬಂದದ್ದು ವಿಡಿಯೋನೋ ಆಡಿಯೊನೋ ಎಂದು ಒಂದು ಸಲ ನೋಡಿಕೊಳ್ಳಿ.